ಸೊಂಟನೋವಿನ ಗುಳಿಗೆಗೆ ಎದೆಯ ಲೆಕ್ಕ ಕೇಳುವವರು ಯಾರು?

ಅಡಿಕೆ ಮರಕ್ಕೆ ಬಿಡುವ ಮದ್ದಿಗೆ ನಮ್ಮಲ್ಲಿ ಸರಿಯಾದ ಅಳತೆ ಉಂಟು. ಮೈಲುತುತ್ತು 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಯಾವ ಕೃಷಿಕನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾನು. ಸುಣ್ಣ ಸಾಲದೆ ಹೋದರೆ ಎಂಬ ಭಯದಿಂದ ದ್ರಾವಣಕ್ಕೆ ಕತ್ತಿ ಅದ್ದಿ ಕೆಂಪು ಹಿಡಿಯಿತೋ ಎಂದು ನೋಡುವವರೂ ಉಂಟು. ಅದೇ ಮನುಷ್ಯ ಸಂಜೆ ಸೊಂಟ ಹಿಡಿದುಕೊಂಡು ಪೇಟೆಗೆ ಇಳಿಯುತ್ತಾನೆ. "ಒಂದು ನೋವಿನ ಗುಳಿಗೆ ಕೊಡಿ ಮಾರಾಯ್ರೆ" ಎನ್ನುತ್ತಾನೆ. ಯಾವ ಗುಳಿಗೆ? ಎಷ್ಟು ಮಿಲಿಗ್ರಾಂ? ಎಷ್ಟು ದಿನಕ್ಕೆ? ಕೇಳುವವರಿಲ್ಲ, ಹೇಳುವವರಿಲ್ಲ. ಮರಕ್ಕೆ ಇರುವ ಅಳತೆ ಮನುಷ್ಯನಿಗೆ ಬೇಡವೇ?

ಈ ಪ್ರಶ್ನೆ ಸುಮ್ಮನೆ ಎತ್ತಿದ್ದಲ್ಲ. ಬೆನ್ನಿಗೆ, ಸೊಂಟಕ್ಕೆ, ಗಂಟಿಗೆ ನಾವು ನುಂಗುವ ಉರಿಯೂತ ಇಳಿಸುವ ಗುಳಿಗೆಗಳಲ್ಲಿ ಕೆಲವು ಹೃದಯದ ರಕ್ತನಾಳಕ್ಕೆ ಅಪಾಯ ತರಬಲ್ಲವು ಎಂಬುದು ಇಂದು ನಿನ್ನೆಯ ಗುಸುಗುಸು ಸುದ್ದಿಯಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಶೋಧನೆ ನಡೆದು ಖಚಿತವಾದ ವಿಷಯ. ಆ ಸಂಶೋಧನೆ ದೊಡ್ಡ ಆಸ್ಪತ್ರೆಗಳ ಕಪಾಟು ಸೇರಿತು. ನಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಯ ಮೇಜಿನವರೆಗೆ ಇನ್ನೂ ಬಂದಿಲ್ಲ. ತಕರಾರು ಇರುವುದು ಅಲ್ಲಿಯೇ.

ಈ ಗುಳಿಗೆ ನುಂಗುವವರು ಯಾರು? ಮೈ ಬಗ್ಗಿಸಿ ದುಡಿಯುವವರೇ. ಅಡಿಕೆ ಮರ ಏರುವವರು, ಬೆಳಗ್ಗಿನ ಜಾವ ರಬ್ಬರು ಟ್ಯಾಪಿಂಗಿಗೆ ಹೋಗುವವರು, ಮೊರ ಮಡಿಲಲ್ಲಿಟ್ಟು ದಿನವಿಡೀ ತಲೆ ಬಗ್ಗಿಸಿ ಬೀಡಿ ಕಟ್ಟುವ ಹೆಂಗಸರು, ಹೊಂಡದ ರಸ್ತೆಯಲ್ಲಿ ಬಸ್ಸು ಓಡಿಸುವ ಡ್ರೈವರುಗಳು, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಅಂಗಡಿಯಲ್ಲಿ ನಿಂತೇ ಇರುವ ವ್ಯಾಪಾರಸ್ಥರು. 2008ರಲ್ಲಿ ಚಿಕುನ್‌ಗುನ್ಯಾ ನಮ್ಮ ಜಿಲ್ಲೆಗೆ ಬಂದು, ಸುಳ್ಯ ಪುತ್ತೂರು ಕಡೆಯ ಮನೆ ಮನೆಯಲ್ಲೂ ಜನ ಗೋಡೆ ಹಿಡಿದು ನಡೆದದ್ದನ್ನು ಯಾರೂ ಮರೆತಿರಲಿಕ್ಕಿಲ್ಲ. ಜ್ವರ ವಾರದಲ್ಲಿ ಬಿಟ್ಟಿತು, ಗಂಟುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ನೋವಿನ ಗುಳಿಗೆ ಮನೆಯ ಸಾಮಾನಿನ ಚೀಟಿಯಲ್ಲಿ ಉಪ್ಪು ಮೆಣಸಿನ ಜೊತೆ ಸೇರುವುದಕ್ಕೆ ಇಂಥ ನೋವುಗಳೇ ಕಾರಣ. ನೋವು ಸುಳ್ಳಲ್ಲ. ನೋವಿಗೆ ಮದ್ದು ಕೇಳುವುದು ತಪ್ಪೂ ಅಲ್ಲ.

ಒಂದು ಗುಳಿಗೆಯ ಏಳುಬೀಳು

1999ರಲ್ಲಿ ಅಮೆರಿಕದಲ್ಲಿ ಮರ್ಕ್ ಎಂಬ ದೊಡ್ಡ ಕಂಪೆನಿ ವಯೋಕ್ಸ್ ಎಂಬ ಗುಳಿಗೆಯನ್ನು ಪೇಟೆಗೆ ಬಿಟ್ಟಿತು. ಮದ್ದಿನ ಹೆಸರು ರೋಫೆಕಾಕ್ಸಿಬ್. ಹಳೆಯ ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಇದು ಹೊಟ್ಟೆಗೆ ಸೌಮ್ಯ ಎಂಬುದು ಅದರ ಹೆಗ್ಗಳಿಕೆ. ಆ ಮಾತಿನಲ್ಲಿ ಸತ್ಯವೂ ಇತ್ತು. 80ಕ್ಕೂ ಹೆಚ್ಚು ದೇಶಗಳಲ್ಲಿ ಅದು ಮಾರಾಟವಾಯಿತು.

2000ನೇ ಇಸವಿಯಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಸಂಧಿವಾತದ 8,076 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಈ ಹೊಸ ಗುಳಿಗೆ, ಉಳಿದವರಿಗೆ ನ್ಯಾಪ್ರೊಕ್ಸೆನ್ ಎಂಬ ಹಳೆಯ ಗುಳಿಗೆ ಕೊಟ್ಟು ನೋಡಿದ್ದರು. ಹೊಟ್ಟೆಯ ತೊಂದರೆ ಹೊಸ ಗುಳಿಗೆಯಲ್ಲಿ ಕಮ್ಮಿ. ಆದರೆ ಹೃದಯಾಘಾತ? ಹಳೆಯದರಲ್ಲಿ ನೂರಕ್ಕೆ 0.1, ಹೊಸದರಲ್ಲಿ ನೂರಕ್ಕೆ 0.4. ನಾಲ್ಕು ಪಾಲು! ಆಗ ಕಂಪೆನಿ ಕೊಟ್ಟ ಸಮಜಾಯಿಷಿ ಕೇಳಿ: ಹೊಸ ಗುಳಿಗೆ ಹೃದಯವನ್ನು ಕೆಡಿಸಿದ್ದಲ್ಲ, ಹಳೆಯ ಗುಳಿಗೆಯೇ ಹೃದಯವನ್ನು ಕಾಪಾಡಿದ್ದು ಎಂದು. ವ್ಯಾಪಾರ ಇನ್ನೂ ನಾಲ್ಕು ವರ್ಷ ನಡೆಯಿತು.

ಕಡೆಗೆ ಗುಟ್ಟು ಹೊರಬಿದ್ದದ್ದು ಬೇರೆಯೇ ಕಾರಣಕ್ಕೆ ನಡೆಸಿದ ಪರೀಕ್ಷೆಯಿಂದ. ದೊಡ್ಡ ಕರುಳಿನಲ್ಲಿ ಬೆಳೆಯುವ ಗಂಟುಗಳನ್ನು ಈ ಗುಳಿಗೆ ತಡೆಯುತ್ತದೆಯೋ ಎಂದು ನೋಡಲು 2,586 ಜನರನ್ನು ಆಯ್ದುಕೊಂಡಿದ್ದರು. ಕೆಲವರಿಗೆ ನಿಜ ಗುಳಿಗೆ, ಕೆಲವರಿಗೆ ಮದ್ದಿಲ್ಲದ ಬರೇ ಹಿಟ್ಟಿನ ಗುಳಿಗೆ. ಹಿಟ್ಟಿನ ಗುಳಿಗೆಯವರಲ್ಲಿ 26 ಜನರಿಗೆ ಹೃದಯ, ಮಿದುಳು ಇತ್ಯಾದಿಗಳ ರಕ್ತನಾಳ ಕಟ್ಟಿದ ತೊಂದರೆ ಬಂದರೆ, ನಿಜ ಗುಳಿಗೆಯವರಲ್ಲಿ 46 ಜನರಿಗೆ ಬಂತು. ಈ ಸಲ ಎದುರುಗಡೆ ಇದ್ದದ್ದು ಹಿಟ್ಟು. ಹಿಟ್ಟು ಹೃದಯವನ್ನು ಕಾಪಾಡಿತು ಎಂದು ಹೇಳುವ ಹಾಗಿರಲಿಲ್ಲ. 2004ರ ಸೆಪ್ಟೆಂಬರ್ 30ರಂದು ಕಂಪೆನಿ ಗುಳಿಗೆಯನ್ನು ಜಗತ್ತಿನಾದ್ಯಂತ ಹಿಂದೆ ತೆಗೆದುಕೊಂಡಿತು. ಅಮೆರಿಕವೊಂದರಲ್ಲೇ ಈ ಗುಳಿಗೆಯಿಂದ 88,000ದಿಂದ 1,40,000ದಷ್ಟು ಹೆಚ್ಚುವರಿ ಗಂಭೀರ ಹೃದ್ರೋಗ ಪ್ರಕರಣಗಳು ಆಗಿರಬಹುದು ಎಂದು ಅಲ್ಲಿನ ಸರ್ಕಾರಿ ಮದ್ದು ಇಲಾಖೆಯ ಡಾ. ಡೇವಿಡ್ ಗ್ರಹಾಂ ಮತ್ತು ಸಂಗಡಿಗರು 2005ರಲ್ಲಿ ಅಂದಾಜು ಮಾಡಿದರು. 2007ರಲ್ಲಿ ಕಂಪೆನಿ ಮೊಕದ್ದಮೆಗಳ ಇತ್ಯರ್ಥಕ್ಕೆ 485 ಕೋಟಿ ಡಾಲರ್ ಕೊಡಲು ಒಪ್ಪಿತು.

ಅದು ಅಮೆರಿಕದ ಕಥೆ, ನಮಗೇನು ಎನ್ನಬೇಡಿ. ಅದೇ ರೋಫೆಕಾಕ್ಸಿಬ್ ನಮ್ಮ ದೇಶದಲ್ಲೂ ಬೇರೆ ಬೇರೆ ಹೆಸರಿನ ಸ್ಟ್ರಿಪ್ಪುಗಳಲ್ಲಿ ಮಾರಾಟವಾಗುತ್ತಿತ್ತು. ಕೇಂದ್ರ ಸರ್ಕಾರ ಅದನ್ನು 2004ರ ಡಿಸೆಂಬರಿನಲ್ಲಿ ನಿಷೇಧಿಸಿತು. ಅದರ ತಮ್ಮ ವಾಲ್ಡೆಕಾಕ್ಸಿಬನ್ನು 2005ರ ಜುಲೈಯಲ್ಲಿ ನಿಷೇಧಿಸಿತು.

ಘಟ್ಟದ ಬಸ್ಸಿಗೆ ಬ್ರೇಕು ಬೇಡವೇ?

ಸೊಂಟದ ಗುಳಿಗೆಗೂ ಎದೆಗೂ ಎಂತ ಸಂಬಂಧ ಎಂದು ಕೇಳುವವರಿಗೆ ಸ್ವಲ್ಪದರಲ್ಲಿ ಹೇಳಬೇಕು. ನಮ್ಮ ರಕ್ತದಲ್ಲಿ ಎರಡು ಕೆಲಸ ಸದಾ ನಡೆಯುತ್ತಿರುತ್ತದೆ. ಒಂದು ವಸ್ತು ರಕ್ತದ ಕಣಗಳನ್ನು ಒಂದಕ್ಕೊಂದು ಅಂಟಿಸಲು ನೋಡುತ್ತದೆ. ಗಾಯವಾದರೆ ರಕ್ತ ನಿಲ್ಲಬೇಕಲ್ಲ! ಇನ್ನೊಂದು ವಸ್ತು ರಕ್ತನಾಳದ ಒಳಗೋಡೆಯಲ್ಲೇ ಹುಟ್ಟಿ, ಅಂಟಬೇಡ, ಹರಿಯುತ್ತಿರು ಎಂದು ತಡೆಯುತ್ತದೆ. ಮೊದಲನೆಯದು ಆಕ್ಸಿಲರೇಟರ್, ಎರಡನೆಯದು ಬ್ರೇಕು ಎಂದು ಇಟ್ಟುಕೊಳ್ಳಿ. ನೋವು, ಬಾವು ಉಂಟುಮಾಡುವ ಕಿಣ್ವವೇ ಈ ಬ್ರೇಕನ್ನು ತಯಾರಿಸುವುದೂ ಹೌದು. ಗುಳಿಗೆ ಆ ಕಿಣ್ವವನ್ನು ಕಟ್ಟಿಹಾಕಿದಾಗ ನೋವು ಇಳಿಯಿತು, ಜೊತೆಗೆ ಬ್ರೇಕೂ ಸಡಿಲಾಯಿತು. ಸಂಪಾಜೆ ಘಟ್ಟ ಇಳಿಯುವ ಬಸ್ಸಿನ ಬ್ರೇಕು ಸಡಿಲಾದರೆ ಏನಾದೀತು? ರಸ್ತೆ ನೇರ ಇದ್ದವನಿಗೆ ಏನೂ ಆಗದಿರಬಹುದು. ರಕ್ತನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿ ತಿರುವು ಇಕ್ಕಟ್ಟಾದವನಿಗೆ ಅಪಾಯ.

ಸಾಲದ್ದಕ್ಕೆ ಈ ಜಾತಿಯ ಗುಳಿಗೆಗಳು ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ರಕ್ತದೊತ್ತಡ ಏರಿಸುತ್ತವೆ. ಮೂತ್ರಪಿಂಡಕ್ಕೆ ಹೊರೆ ಹಾಕುತ್ತವೆ. ಬಿಪಿಗೆ ಬೆಳಗ್ಗೆ ಒಂದು ಗುಳಿಗೆ ತಿಂದು, ಮಧ್ಯಾಹ್ನ ಬಿಪಿ ಏರಿಸುವ ಇನ್ನೊಂದು ಗುಳಿಗೆ ತಿಂದರೆ ಹಣವೂ ನಷ್ಟ, ಮೈಯೂ ನಷ್ಟ.

ಇಪ್ಪತ್ತು ಬಸ್ಸುಗಳ ಲೆಕ್ಕ

ರೋಫೆಕಾಕ್ಸಿಬ್ ಹೋಯಿತು, ಪೀಡೆ ತೊಲಗಿತು ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಇಂದು ನಮ್ಮ ಮದ್ದಿನಂಗಡಿಗಳಲ್ಲಿ ನೋವಿಗೆ ಧಾರಾಳವಾಗಿ ಹೋಗುವುದು ಡೈಕ್ಲೋಫೆನಾಕ್ ಮತ್ತು ಅದರ ನಂಟ ಅಸೆಕ್ಲೋಫೆನಾಕ್. ಅಸೆಕ್ಲೋಫೆನಾಕನ್ನು ಪ್ಯಾರಾಸಿಟಮಾಲ್ ಜೊತೆ ಒಂದೇ ಗುಳಿಗೆಯಲ್ಲಿ ಕೂಡಿಸಿ ಬರುವುದೂ ಉಂಟು. ಆಕ್ಸ್‌ಫರ್ಡಿನ ಸಂಶೋಧಕರು ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ ನೂರಾರು ಪರೀಕ್ಷೆಗಳನ್ನು ಒಟ್ಟು ಹಾಕಿ 2013ರಲ್ಲಿ ವರದಿ ಕೊಟ್ಟರು. ಡೈಕ್ಲೋಫೆನಾಕನ್ನು ದಿನಕ್ಕೆ 150 ಮಿಲಿಗ್ರಾಂ, ಅಂದರೆ 50ರ ಗುಳಿಗೆ ಮೂರು ಹೊತ್ತು, ಒಂದು ವರ್ಷ ತಿಂದ ಪ್ರತಿ ಸಾವಿರ ಜನರಲ್ಲಿ, ತಿನ್ನದವರಿಗಿಂತ ಮೂರು ಜನರಿಗೆ ಹೆಚ್ಚಾಗಿ ಹೃದಯಾಘಾತ, ಪಾರ್ಶ್ವವಾಯು ಇಂಥ ದೊಡ್ಡ ತೊಂದರೆ. ಅದರಲ್ಲಿ ಒಂದು ಸಾವು. ನಿಷೇಧಗೊಂಡ ಗುಳಿಗೆಯ ಜಾತಿಗೂ ಡೈಕ್ಲೋಫೆನಾಕಿಗೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಐಬುಪ್ರೊಫೇನ್ ದಿನಕ್ಕೆ 2,400 ಮಿಲಿಗ್ರಾಂ ಮಟ್ಟಕ್ಕೆ ಹೋದರೆ ಅದರದ್ದೂ ಹೆಚ್ಚುಕಮ್ಮಿ ಇದೇ ಹಾಡು. ನ್ಯಾಪ್ರೊಕ್ಸೆನಿನಲ್ಲಿ ಹೃದಯದ ಅಪಾಯ ಹಾಗೆ ಕಾಣಲಿಲ್ಲ, ಹೊಟ್ಟೆಯ ಅಪಾಯ ಮಾತ್ರ ಇದ್ದೇ ಇತ್ತು.

ಸಾವಿರಕ್ಕೆ ಮೂರು ಎಂದರೆ ಸಣ್ಣದಲ್ಲವೇ ಎನ್ನುವವರು ಹೀಗೆ ಲೆಕ್ಕ ಹಾಕಿ. ಐವತ್ತು ಸೀಟಿನ ಇಪ್ಪತ್ತು ಬಸ್ಸುಗಳು ಪುತ್ತೂರು ಸ್ಟ್ಯಾಂಡಿನಿಂದ ಹೊರಡುತ್ತವೆ. ಇಪ್ಪತ್ತು ಬಸ್ಸಿನಲ್ಲಿ ಮೂವರಿಗೆ ಅಪಾಯ, ಒಬ್ಬ ಮನೆಗೆ ಮುಟ್ಟುವುದಿಲ್ಲ. ಇಪ್ಪತ್ತು ಬಸ್ಸಿನವರಿಗೂ ಹೆದರಿಕೆ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಆರೋಗ್ಯವಂತನಾದವನು ವೈದ್ಯರು ಹೇಳಿದ ಹಾಗೆ ಮೂರು ನಾಲ್ಕು ದಿನ ತಿಂದರೆ ಅಪಾಯ ಬಹಳ ಸಣ್ಣದು. ಆದರೆ ಆ ಮೂವರು ಯಾರಾಗುವ ಸಂಭವ ಹೆಚ್ಚು? ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ ಇದ್ದವರು, ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು. ಅಂಥವರು ಪ್ರತಿಯೊಂದು ಬಸ್ಸಿನಲ್ಲೂ ಹತ್ತಾರು ಮಂದಿ ಕೂತಿದ್ದಾರೆ. ಅವರನ್ನು ಗುರುತಿಸಲು ಬೇಕಾದದ್ದು ದೊಡ್ಡ ಯಂತ್ರವಲ್ಲ, ಒಂದು ಪ್ರಶ್ನೆ!

ವರ್ಷಗಟ್ಟಲೆ ತಿಂದರೆ ಮಾತ್ರ ತೊಂದರೆ ಎಂಬ ಸಮಾಧಾನಕ್ಕೂ ಜಾಗವಿಲ್ಲ. ನಾಲ್ಕೂವರೆ ಲಕ್ಷದಷ್ಟು ಜನರ ದಾಖಲೆಗಳನ್ನು ಜಾಲಾಡಿ 2017ರಲ್ಲಿ ಬಂದ ಅಧ್ಯಯನವೊಂದು, ಅಪಾಯ ಮೊದಲ ವಾರದಲ್ಲೇ ಏರಲು ಶುರುವಾಗುತ್ತದೆ, ಹೆಚ್ಚು ಪ್ರಮಾಣದಲ್ಲಿ ತಿಂದರೆ ಇನ್ನೂ ಹೆಚ್ಚು ಎಂದಿತು. ಎಲ್ಲ ಗುಳಿಗೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂಬುದೂ ನ್ಯಾಯ. ಸೆಲೆಕಾಕ್ಸಿಬ್ ಎಂಬುದನ್ನು ಮಿತವಾದ ಪ್ರಮಾಣದಲ್ಲಿ ಕೊಟ್ಟರೆ ಐಬುಪ್ರೊಫೇನ್, ನ್ಯಾಪ್ರೊಕ್ಸೆನುಗಳಿಗಿಂತ ಹೃದಯಕ್ಕೆ ಹೆಚ್ಚು ಕೆಟ್ಟದ್ದಲ್ಲ ಎಂದು 24,081 ರೋಗಿಗಳ ಪರೀಕ್ಷೆ 2016ರಲ್ಲಿ ತೋರಿಸಿತು. ಯಾರಿಗೆ ಯಾವುದು, ಎಷ್ಟು, ಎಷ್ಟು ದಿನ ಎಂದು ಆರಿಸಬೇಕಾದವರು ವೈದ್ಯರು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರಲ್ಲ.

ಇದೆಲ್ಲ ತಿಳಿದ ಮೇಲೆ ಹೊರದೇಶದವರು ಕೈಕಟ್ಟಿ ಕೂರಲಿಲ್ಲ. ಹೃದ್ರೋಗ ಇದ್ದವರಿಗೆ ಡೈಕ್ಲೋಫೆನಾಕ್ ಕೊಡಬಾರದು ಎಂದು ಯುರೋಪಿನ ಮದ್ದು ನಿಯಂತ್ರಕರು 2013ರಲ್ಲಿ ಹೇಳಿದರು. ಇಂಗ್ಲೆಂಡಿನಲ್ಲಿ 2015ರ ಜನವರಿಯಿಂದ ವೈದ್ಯರ ಚೀಟಿಯಿಲ್ಲದೆ ಆ ಗುಳಿಗೆ ಕೊಡುವುದು ನಿಂತಿತು. ನಮ್ಮಲ್ಲಿ? ನಮ್ಮಲ್ಲಿ ಕಾನೂನು ಮೊದಲೇ ಉಂಟು ಸ್ವಾಮಿ! ಡೈಕ್ಲೋಫೆನಾಕ್ ಶೆಡ್ಯೂಲ್ ಎಚ್ ಪಟ್ಟಿಯ ಮದ್ದು. ಚೀಟಿ ಇಲ್ಲದೆ ಮಾರಬಾರದು ಎಂದು ಸ್ಟ್ರಿಪ್ಪಿನ ಮೇಲೆಯೇ ಬರೆದಿರುತ್ತದೆ. ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಬೀಡಿ ಕಟ್ಟುವ ಅಜ್ಜಿಗೆ ಓದಲು ಬಾರದ ಹಾಗೆ.

ಇದೇ ಡೈಕ್ಲೋಫೆನಾಕನ್ನು ದನಗಳಿಗೆ ಕೊಟ್ಟು, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಗುಂಪುಗುಂಪಾಗಿ ಸತ್ತದ್ದು ಗೊತ್ತಾದಾಗ, ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಒಳ್ಳೆಯ ಕೆಲಸವೇ. ಮನುಷ್ಯರ ಗುಳಿಗೆಯನ್ನು ನಿಷೇಧಿಸಿ ಎಂದು ನಾವು ಕೇಳುವುದಿಲ್ಲ. ಇರುವ ಕಾನೂನನ್ನು ಪಾಲಿಸಿ ಎಂದಷ್ಟೇ ಕೇಳುವುದು.

ಅಂಗಡಿಯವರಿಗೆ ಒಂದು ಮಾತು

ಈ ಅಂಕಣವನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಓದುವವರೇ ಬಹಳ. ಆದ್ದರಿಂದ ನೇರವಾಗಿ ಹೇಳುತ್ತೇವೆ. ಜೀನಸು ಅಂಗಡಿಯಲ್ಲಿ, ಬೀಡಾ ಸ್ಟಾಲಿನಲ್ಲಿ ನೋವಿನ ಗುಳಿಗೆಯನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೊಡುವುದು ಉಪಕಾರವಲ್ಲ. ಲೈಸೆನ್ಸಿಲ್ಲದೆ ಮಾರಲು ಕಾನೂನು ಬಿಟ್ಟಿರುವುದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಸಣ್ಣ ಹಳ್ಳಿಗಳಲ್ಲಿ, ಆಸ್ಪಿರಿನ್, ಪ್ಯಾರಾಸಿಟಮಾಲ್, ನೋವಿನ ಮುಲಾಮು, ಗ್ರೈಪ್ ವಾಟರ್ ಇಂಥ ಕೆಲವನ್ನು ಮಾತ್ರ. ಡೈಕ್ಲೋಫೆನಾಕ್ ಆ ಪಟ್ಟಿಯಲ್ಲಿಲ್ಲ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಮದ್ದಿನ ಹೆಸರೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ. ನಾಳೆ ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದದ್ದು ಎಂದು ಕೇಳಿದರೆ "ಒಂದು ಕೆಂಪು ಗುಳಿಗೆ" ಎಂದು ಹೇಳುವ ಪರಿಸ್ಥಿತಿ.

"ನಾನು ಕೊಡದಿದ್ದರೆ ಪಕ್ಕದವ ಕೊಡ್ತಾನೆ" ಎಂಬ ಮಾತು ನಮಗೂ ಗೊತ್ತು. ಪಕ್ಕದವನೂ ಇದೇ ಪತ್ರಿಕೆ ಓದುತ್ತಾನೆ. ಪುತ್ತೂರು, ಸುಳ್ಯ, ಕಡಬದ ವರ್ತಕರು ಒಂದು ದಿನ ಕೂತು, ನಮ್ಮ ಪೇಟೆಯಲ್ಲಿ ಇದು ಬೇಡ ಎಂದು ತೀರ್ಮಾನ ಮಾಡಿದರೆ ಪಕ್ಕದವನ ಪ್ರಶ್ನೆಯೇ ಬರುವುದಿಲ್ಲ. ನಾಲ್ಕು ಗುಳಿಗೆಯ ಲಾಭದಿಂದ ಯಾವ ಅಂಗಡಿಯೂ ಉದ್ಧಾರವಾಗಿಲ್ಲ. ಹಳೆಯ ಗಿರಾಕಿ ಒಬ್ಬ ಹೋದರೆ ನಷ್ಟ ಮಾತ್ರ ಬಹಳ.

ಮದ್ದಿನಂಗಡಿಯವರು ಮೂರು ಪ್ರಶ್ನೆ ಕೇಳಿದರೆ ಸಾಕು. ಹೃದಯದ್ದೋ ಬಿಪಿಯದ್ದೋ ತೊಂದರೆ ಉಂಟಾ? ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಉಂಟಾ? ದಿನಾ ಬೇರೆ ಯಾವ ಗುಳಿಗೆ ತಿಂತೀರಿ? ಇದಕ್ಕೆ ಅರ್ಧ ನಿಮಿಷ ಬೇಕು. ಮೂರರಲ್ಲಿ ಒಂದಕ್ಕೆ ಹೌದು ಎಂದರೆ ಗುಳಿಗೆ ಕೊಡದೆ ವೈದ್ಯರ ದಾರಿ ತೋರಿಸಿ. ಮೂರನೆಯ ಪ್ರಶ್ನೆಗೆ ವಿಶೇಷ ಕಾರಣ ಉಂಟು. ಹೃದ್ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುವ ಸಣ್ಣ ಆಸ್ಪಿರಿನ್ ಗುಳಿಗೆಯ ಕೆಲಸಕ್ಕೆ ಐಬುಪ್ರೊಫೇನ್ ಅಡ್ಡ ಬರಬಲ್ಲದು. ಕಾಯುವ ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದ ಹಾಗೆ! ಹಾಗೆಂದು ಈ ಬರಹ ಓದಿ ಯಾರೂ ಹೃದಯದ ಆಸ್ಪಿರಿನ್ ನಿಲ್ಲಿಸಬಾರದು. ವೈದ್ಯರು ಬರೆದ ಯಾವ ಗುಳಿಗೆಯನ್ನೂ ಅವರನ್ನು ಕೇಳದೆ ಬಿಡಬಾರದು.

ವೈದ್ಯರಿಗೂ ಒಂದು ವಿನಂತಿ. ಚೀಟಿಯಲ್ಲಿ ಗುಳಿಗೆ ಎಷ್ಟು ದಿನಕ್ಕೆ ಎಂದು ಓದಲು ಬರುವ ಹಾಗೆ ಬರೆಯಿರಿ, ಬಾಯಲ್ಲೂ ಹೇಳಿ. ಐದು ದಿನಕ್ಕೆ ಬರೆದ ಚೀಟಿ ಐದು ವರ್ಷ ಅಂಗಿಯ ಕಿಸೆಯಲ್ಲಿ ತಿರುಗುವುದು ನಿಮಗೂ ತಿಳಿಯದ ಸಂಗತಿಯಲ್ಲ. ಆರೋಗ್ಯ ಇಲಾಖೆಯವರು ಪ್ರತಿ ಮದ್ದಿನಂಗಡಿಯಲ್ಲಿ, ಪ್ರತಿ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡ ಕನ್ನಡ ಅಕ್ಷರದ ಒಂದು ಬೋರ್ಡು ತೂಗುಹಾಕಲಿ: ಹೃದ್ರೋಗ, ಬಿಪಿ ಇದ್ದವರು ವೈದ್ಯರನ್ನು ಕೇಳದೆ ನೋವಿನ ಗುಳಿಗೆ ತಿನ್ನಬೇಡಿ ಎಂದು. ಒಂದು ಬೋರ್ಡಿಗೆ ಎಷ್ಟು ಖರ್ಚಾದೀತು?

ಬಡವನ ಕಷ್ಟ ಇಲ್ಲಿ ಬಂದೇ ಬರುತ್ತದೆ. ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು, ಫೀಸು ಬೇರೆ. ಗುಳಿಗೆ ನುಂಗಿದರೆ ಮರುದಿನ ಕೆಲಸಕ್ಕೆ ಹೋಗಬಹುದು. ಈ ಲೆಕ್ಕವನ್ನು ತಪ್ಪು ಎನ್ನುವ ಧೈರ್ಯ ನಮಗಿಲ್ಲ. ಆದರೆ ಅವನ ಮುಂದಿರುವುದು ಡೈಕ್ಲೋಫೆನಾಕ್ ಒಂದೇ ಅಲ್ಲ. ಬಿಸಿನೀರಿನ ಶಾಖ, ಮುಲಾಮು, ಎರಡು ದಿನ ಭಾರ ಎತ್ತದಿರುವುದು, ಅಳತೆ ಮೀರದ ಪ್ಯಾರಾಸಿಟಮಾಲ್ ಇವೆಲ್ಲ ಉಂಟು. ಪ್ಯಾರಾಸಿಟಮಾಲೂ ಮಿತಿ ಮೀರಿದರೆ ಯಕೃತ್ತಿಗೆ ಕೇಡು, ಕುಡಿಯುವವರಿಗೆ ಇನ್ನೂ ಹೆಚ್ಚು ಎಂಬುದನ್ನು ಮರೆಯಬಾರದು. ಸರ್ಕಾರಿ ಆಸ್ಪತ್ರೆಗೆ ಹೋದವರು ಹೇಗೂ ಒಂದು ಸಲ ಬಿಪಿ ನೋಡಿಸಿಕೊಂಡು ಬರಬಹುದು. ಎಷ್ಟೋ ಜನರಿಗೆ ತಮಗೆ ಬಿಪಿ ಉಂಟು ಎಂದೇ ಗೊತ್ತಿಲ್ಲ.

ಎದೆನೋವಿಗೆ ಇದು ಮದ್ದಲ್ಲ

ಕಡೆಗೆ ಎಲ್ಲಕ್ಕಿಂತ ದೊಡ್ಡ ವಿಷಯ. 2025ರಲ್ಲಿ ಘಟ್ಟದ ಮೇಲಿನ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜನ ಜಯದೇವ ಆಸ್ಪತ್ರೆಯೆದುರು ಸಾಲುಗಟ್ಟಿ ನಿಂತರು. ನಮ್ಮ ಬಸ್ಸುಗಳಲ್ಲೂ ತಿಂಗಳುಗಟ್ಟಲೆ ಅದೇ ಚರ್ಚೆ. ಆ ಸಾವುಗಳಿಗೆ ನೋವಿನ ಗುಳಿಗೆ ಕಾರಣ ಎಂದು ನಾವು ಹೇಳುತ್ತಿಲ್ಲ. ಹೇಳುವುದು ಇಷ್ಟೆ: ಎದೆ ಬಿಗಿತ, ಎಡಗೈ ಸೆಳೆತ, ದವಡೆ ನೋವು, ತಣ್ಣನೆಯ ಬೆವರು ಬಂದಾಗ "ಗ್ಯಾಸ್ ಇರಬೇಕು, ನಿನ್ನೆ ಗೊಬ್ಬರ ಹೊತ್ತದ್ದು ಜಾಸ್ತಿಯಾಯ್ತು" ಎಂದು ನೋವಿನ ಗುಳಿಗೆ ನುಂಗಿ ಮಲಗುವ ಅಭ್ಯಾಸ ನಮ್ಮಲ್ಲುಂಟು. ಅಲ್ಲಿ ಎರಡು ಕೇಡು ಒಟ್ಟಿಗೆ. ಆ ಹೊತ್ತಿನಲ್ಲಿ ನುಂಗಬಾರದ ಗುಳಿಗೆ ನುಂಗಿದ್ದಾಯಿತು, ಚಿಕಿತ್ಸೆಗೆ ಇದ್ದ ಹೊತ್ತೂ ಕಳೆದದ್ದಾಯಿತು.

ಮಂಗಳೂರು ಪುತ್ತೂರಿನಿಂದ ಸುಮಾರು 50 ಕಿಲೋಮೀಟರ್, ಸುಳ್ಯದಿಂದ ಸುಮಾರು 85. ಕಾಡಂಚಿನ ಮನೆಯಿಂದ ಡಾಂಬರು ರಸ್ತೆಗೆ ಬರುವುದೇ ಒಂದು ಪ್ರಯಾಣ. ಆದ್ದರಿಂದ ನಮಗೆ ಹತ್ತಿರದ ಇಸಿಜಿಯೇ ಮುಖ್ಯ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸ್‌ಆ್ಯಪಿನಲ್ಲಿ ಬಂದ ಪಟ್ಟಿಯನ್ನು ತಜ್ಞರು ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದು ಜಿಲ್ಲೆಗೆಲ್ಲ ತಿಳಿದ ವಿಷಯ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಹೃದಯ ಜ್ಯೋತಿ ಯೋಜನೆಯ ಆಶಯವೂ ಇದೇ: ಹತ್ತಿರದ ಆಸ್ಪತ್ರೆಯಲ್ಲೇ ಇಸಿಜಿ, ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್, ಆಮೇಲೆ ದೊಡ್ಡ ಆಸ್ಪತ್ರೆ. ಎದೆಯಲ್ಲಿ ಸಂಶಯ ಬಂದರೆ ಕಿಸೆಯ ಗುಳಿಗೆಗೆ ಕೈಹಾಕಬೇಡಿ, 108ಕ್ಕೆ ಫೋನು ಮಾಡಿ. ಪಕ್ಕದ ಸೀಟಿನವರಿಗೆ ಹಾಗಾದರೆ ಡ್ರೈವರಿಗೆ ಹೇಳಿ ಬಸ್ಸು ನಿಲ್ಲಿಸಿ.

ನೋವಿನ ಗುಳಿಗೆ ಕಳ್ಳನಲ್ಲ. ಸರಿಯಾದ ಕೈಯಲ್ಲಿ ಅದು ಉಪಕಾರಿಯೇ. ಮದ್ದು ಮಾರುವವರು ಕೇಳಲಿ, ಮದ್ದು ತೆಗೆದುಕೊಳ್ಳುವವರು ಹೇಳಲಿ. ಗಿರಾಕಿ ತಾನಾಗಿ ಹೇಳುವುದಿಲ್ಲ ಎಂದಾದರೆ ಮೊದಲ ಮಾತು ಅಂಗಡಿಯ ಕಡೆಯಿಂದಲೇ ಬರಬೇಕು. ನಾಳೆ ಬೆಳಗ್ಗೆ ಬಾಗಿಲು ತೆರೆದು ಮೊದಲ ಗಿರಾಕಿ ನೋವಿಗೆ ಗುಳಿಗೆ ಕೇಳಿದಾಗ, ಸ್ಟ್ರಿಪ್ಪಿಗೆ ಕತ್ತರಿ ಇಡುವ ಮೊದಲು ಒಂದು ಸಲ ಕೇಳಿ ನೋಡಿ: "ಬಿಪಿ, ಹಾರ್ಟಿನದ್ದು ಏನಾದರೂ ಉಂಟಾ?"